ದಾಸ್ತಾನು ಸಂಖ್ಯೆ ೪೧೭

ಜನನ ಪ್ರಮಾಣಪತ್ರ ಶಾಖೆಯ ಏಕೈಕ ಗಣಕಯಂತ್ರಕ್ಕೆ ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಸ ಪ್ರೊಸೆಸರ್ ಅಳವಡಿಸಲಾಯಿತೆಂದೂ, ಹನ್ನೊಂದು ಗಂಟೆ ಐದು ನಿಮಿಷದಿಂದ ಸದರಿ ಯಂತ್ರ ಚಾಲೂ ಆಗುತ್ತಿಲ್ಲವೆಂದೂ ಸಾರ್ವಜನಿಕರ ಅವಗಾಹನೆಗೆ ತರಲಾಗಿದೆ. ಅಳವಡಿಸಿದವನು ನಾನು. ಹಿಂದೊಮ್ಮೆ ಮನೆಯ ಮಿಕ್ಸಿ ಬಿಚ್ಚಿ, ಮತ್ತೆ ಜೋಡಿಸಿ, ಮೂರು ಸ್ಕ್ರೂ ಉಳಿಸಿದ್ದೆನಾದ್ದರಿಂದ ನನಗೆ ತಾಂತ್ರಿಕ ಜ್ಞಾನವಿದೆಯೆಂದು ಕಚೇರಿಯಲ್ಲಿ ಹೆಸರಾಗಿತ್ತು. ಹಾಳೂರಿಗೆ ಉಳಿದವನೇ ಗೌಡ.

ನಿಯಮ ೧೨ರ ಪ್ರಕಾರ ಕಚೇರಿಗೆ ಬರುವ ಪ್ರತಿಯೊಂದು ವಸ್ತುವಿನ ಮೇಲೂ ದಾಸ್ತಾನು ಸಂಖ್ಯೆಯನ್ನು ಬಿಳಿ ಪೇಂಟಿನಲ್ಲಿ ಬರೆಯತಕ್ಕದ್ದು. ಕುರ್ಚಿ, ಕಸದ ಬುಟ್ಟಿ, ಗೋಡೆ ಗಡಿಯಾರ, ಕೊನೆಗೆ ಆ ಪೇಂಟಿನ ಡಬ್ಬಿಗೂ ನಮ್ಮಲ್ಲಿ ಸಂಖ್ಯೆಯಿದೆ. ಪ್ರೊಸೆಸರೆಂದರೆ ಬಿಸ್ಕತ್ತಿನಷ್ಟಿರುವ ಒಂದು ಚೂರು. ಅದರ ಮೇಲ್ಭಾಗಕ್ಕೆ ಬಿಸಿ ಇಳಿಸುವ ಪೇಸ್ಟ್ ಹಚ್ಚಬೇಕಿತ್ತು. ಆದಕಾರಣ ಅಡಿಭಾಗದಲ್ಲಿ, ಸಾಲಾಗಿರುವ ಚಿನ್ನದ ಬಣ್ಣದ ಚುಕ್ಕೆಗಳ ಮೇಲೆ, ೪೧೭ ಎಂದು ಬರೆದು, ಚೆನ್ನಾಗಿ ಒಣಗಿಸಿ, ಯಂತ್ರದೊಳಗೆ ಕೂರಿಸಿದೆ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಇದನ್ನು ನಾನೇ ಹೇಳಬೇಕಾಗಿರುವುದು ಬೇಸರದ ಸಂಗತಿ.

ಮಧ್ಯಾಹ್ನ ಕೌಂಟರಿಗೆ ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಬಂದಳು.

“ಅಣ್ಣಾ, ಇವಳ ಬರ್ತ್ ಸರ್ಟಿಫಿಕೇಟ್ ಬೇಕಿತ್ತು. ಶುಕ್ರವಾರ ಸಂಜೆಯೊಳಗೆ ಸ್ಕೂಲಿಗೆ ಕೊಡದಿದ್ರೆ ಸೀಟು ಬೇರೆಯವರ ಪಾಲಾಗತ್ತೆ.”

“ಕಂಪ್ಯೂಟರ್ ಆನ್ ಆಗ್ತಾ ಇಲ್ಲಮ್ಮ.”

“ಕೈಯಲ್ಲೇ ಬರೆದುಕೊಡಿ.”

“ಕೈಬರಹದ್ದು ನಡೆಯಲ್ಲ.”

“ಮಗು ಎದುರಿಗೇ ನಿಂತಿದೆಯಲ್ಲಣ್ಣಾ, ಹುಟ್ಟದೇನೇ ಬಂತಾ?”

ಹುಟ್ಟಿರುವ ಸಾಧ್ಯತೆಯನ್ನು ನಾನು ಅಲ್ಲಗಳೆಯಲಿಲ್ಲ.

ಮಂಗಳವಾರ ಪ್ಲಗ್ ಬದಲಿಸಿದೆ. ಬುಧವಾರ ರ‍್ಯಾಮ್ ಕಿತ್ತು, ಒರೆಸಿ, ಮತ್ತೆ ಚುಚ್ಚಿದೆ. ಗುರುವಾರ ಅಧಿಕಾರಿ ಮೇಡಂ ಕೋಣೆಯಿಂದ ಮಾನಿಟರ್ ಹೊತ್ತು ತಂದೆ. ಒಳಗಿನ ಫ್ಯಾನ್ ಸೊಗಸಾಗಿ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಗೋಡೆಯ ಸಾಕೆಟ್ಟೇ ಸೊಟ್ಟಗಿದೆ ಎಂದು ಲಿಖಿತ ವರದಿ ಸಲ್ಲಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಾಯಿ ಮಗಳು ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಆ ಮಗು ನನ್ನನ್ನು ನೋಡಿ ನಕ್ಕಾಗೆಲ್ಲ ನಾನು ಪ್ಲಗ್ಗನ್ನು ಇನ್ನೊಮ್ಮೆ ಒತ್ತಿ ನೋಡುತ್ತಿದ್ದೆ.

ಶುಕ್ರವಾರ ಮೂರು ಗಂಟೆಗೆ ರಿಪೇರಿಯವನು ಬಂದು ಪ್ರೊಸೆಸರ್ ಎತ್ತಿ ನೋಡಿದ.

“ಸಾರ್, ಯಾರೋ ಪುಣ್ಯಾತ್ಮ ಇದರ ಅಡಿಗೆ ಪೇಂಟ್ ಬಳಿದಿದ್ದಾನೆ. ಕರೆಂಟ್ ಎಲ್ಲಿಂದ ಹೋಗ್ಬೇಕು?”

“ಅಕ್ಷರ ಹೇಗಿದೆ?”

“ಅಕ್ಷರ ಚೆನ್ನಾಗೇ ಇದೆ. ಥಿನ್ನರ್ ಹಾಕಿ ಒರೆಸ್ತೀನಿ, ಐದು ನಿಮಿಷದ ಕೆಲಸ.”

ಅಷ್ಟರಲ್ಲಿ ಮೇಡಂ ಎದ್ದು ಬಂದರು. “ಮುಟ್ಟಬೇಡಿ! ದಾಸ್ತಾನು ಸಂಖ್ಯೆ ಅಳಿಸೋದು ಅಪರಾಧ.”

“ಹೀಗೇ ಇದ್ರೆ ಇದು ಕೆಲಸ ಮಾಡಲ್ಲ ಮೇಡಂ.”

“ಕೆಲಸ ಮಾಡದೆ ಇರೋದು ಅಪರಾಧ ಅಂತ ಎಲ್ಲೂ ಬರೆದಿಲ್ಲ.”

ಇಡೀ ಶಾಖೆ ತಲೆದೂಗಿತು. ಎಲ್ಲರಿಗಿಂತ ಮೊದಲು ತೂಗಿದ್ದು ನನ್ನ ತಲೆ.

ಆದರೆ ಬೆಂಚಿನ ಮೇಲೆ ಆ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಮೇಡಂ ಕೂಡ ನೋಡಿದರು. ಅವರು ನಿಯಮಾವಳಿ ತರಿಸಿ ಹುಡುಕಿದರು. ಮಾಡಿದ್ದುಣ್ಣೋ ಮಹಾರಾಯ ಎಂಬುದನ್ನು ಅದರಲ್ಲಿ ಹೀಗೆ ಬರೆದಿದ್ದಾರೆ: “ಸಂಖ್ಯೆ ನಮೂದಿಸಿದ ಕಾರಣದಿಂದ ವಸ್ತುವು ಕೆಟ್ಟಲ್ಲಿ, ನಮೂದಿಸಿದ ನೌಕರನನ್ನೇ ಸದರಿ ವಸ್ತುವೆಂದು ಪರಿಗಣಿಸತಕ್ಕದ್ದು.”

ಮೂರೂವರೆಗೆ ಆದೇಶ ಹೊರಬಿತ್ತು. ಪೇಂಟಿನ ಡಬ್ಬಿ ತಂದು ನನ್ನ ಬಲ ಮುಂಗೈ ಮೇಲೆ ೪೧೭ ಎಂದು ನಾನೇ ಬರೆದುಕೊಂಡೆ. ಎಡಗೈಯಲ್ಲಿ ಬರೆದದ್ದರಿಂದ ಏಳು ಸ್ವಲ್ಪ ಸೊಟ್ಟಗಾಯಿತು. ಆಮೇಲೆ ಹಳೆಯ ಯಂತ್ರವನ್ನು ಸರಿಸಿ, ಅದರ ಜಾಗದಲ್ಲಿ ಕೂತು, ಅಚ್ಚಿನಂಥ ಅಕ್ಷರದಲ್ಲಿ ಪ್ರಮಾಣಪತ್ರ ಬರೆದೆ. ಕೊನೆಯಲ್ಲಿ “ಇದು ಗಣಕಯಂತ್ರದಲ್ಲಿ ತಯಾರಾದ ಪ್ರತಿ, ಸಹಿಯ ಅಗತ್ಯವಿಲ್ಲ” ಎಂದೂ ಬರೆದೆ.

ಮಗು ನನ್ನನ್ನೇ ನೋಡುತ್ತಿತ್ತು. “ಅಮ್ಮಾ, ಈ ಕಂಪ್ಯೂಟರ್ ಯಾಕೆ ಬೆವರ್ತಾ ಇದೆ?”

“ಹೊಸ ಪ್ರೊಸೆಸರ್ ಪುಟ್ಟಿ, ಬಿಸಿಯಾಗತ್ತೆ.”

ಮೇಡಂ ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

ಶಾಲೆಯ ಗುಮಾಸ್ತರು ಪತ್ರವನ್ನು ಬೆಳಕಿಗೆ ಹಿಡಿದು, ಪ್ರಿಂಟ್ ಬಹಳ ಚೆನ್ನಾಗಿ ಬಂದಿದೆ ಎಂದು ಮೆಚ್ಚಿ, ಮೊಹರು ಒತ್ತಿದರಂತೆ. ಸೀಟು ಸಿಕ್ಕಿತು. ನನಗೆ ಆದ ಸಂತೋಷವನ್ನು ನಮೂದಿಸಲು ದಾಸ್ತಾನು ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಮನೆಯ ಬಾಗಿಲು ತೆಗೆದ ಹೆಂಡತಿ ಕೈ ನೋಡಿದಳು. “ಇದೇನ್ರೀ?”

“ದಾಸ್ತಾನು ಸಂಖ್ಯೆ.”

“ಕಚೇರಿ ಸಾಮಾನು ಹೊರಗೆ ತರ್ಬೇಕಾದ್ರೆ ಗೇಟ್ ಪಾಸ್ ಬೇಕಲ್ವಾ?”

ಜೇಬಿನಿಂದ ಪಾಸ್ ತೆಗೆದುಕೊಟ್ಟೆ. ಅವಳು ಎರಡೂ ಬದಿ ಓದಿದಳು.

“ನಾಳೆ ಹತ್ತು ಗಂಟೆಗೆ ಸುಸ್ಥಿತಿಯಲ್ಲಿ ವಾಪಸ್ ಕೊಡ್ಬೇಕಂತೆ. ಬೇಗ ಉಂಡು ಮಲಗಿ,” ಎಂದು ಪಕ್ಕಕ್ಕೆ ಸರಿದು ನನ್ನನ್ನು ಒಳಗೆ ಬಿಟ್ಟಳು.