ಅತ್ತೆಯ ಪ್ರಪಂಚದಲ್ಲಿ ಯಾರಿಗೆಷ್ಟು ಜಾಗ

ನಮ್ಮತ್ತೆಯ ಲೆಕ್ಕದಲ್ಲಿ ಲಂಡನ್ನಿಗೆ ಒಂದು ಚೀಟಿ, ನಮ್ಮ ಬೀದಿಗೆ ಒಂದು ಡಬ್ಬ! ನಗಬೇಡಿ. ಹೀಗೆ ನಕ್ಕವರನ್ನೆಲ್ಲ ಅತ್ತೆ ಎದುರಿಗೆ ಕೂರಿಸಿಕೊಂಡು, ಕಾಫಿ ಕೊಟ್ಟು, ಅವರ ಹುಟ್ಟೂರಿನ ಕೆರೆ, ತೋಪು, ಅರಳೀಕಟ್ಟೆಗಳ ಹೆಸರನ್ನೆಲ್ಲ ಹಿಂಡಿಕೊಂಡು ಕಳಿಸುತ್ತಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಭೂಗೋಳದ ಟೀಚರು. ಅಪ್ಪ ಜಯನಗರದಲ್ಲಿ ಮನೆ ಕಟ್ಟಿದಾಗ ನಮ್ಮ ಜೊತೆಗೇ ಬಂದರು. ಆಗಿನ ಜಯನಗರ! ಎದುರಿಗೆ ಅವರೆಕಾಯಿ ಹೊಲ, ಪಕ್ಕದಲ್ಲಿ ಕಲ್ಲು ನೆಟ್ಟ ಖಾಲಿ ಸೈಟುಗಳು, ಕತ್ತಲಾದರೆ ನರಿ ಕೂಗು. ಬಸವನಗುಡಿಯ ನೆಂಟರು ನಮ್ಮ ಮನೆಗೆ ಬರುವಾಗ ದೂರದ ಪ್ರಯಾಣ ಹೊರಟವರಂತೆ ದೇವರಿಗೆ ಕೈಮುಗಿದು ಹೊರಡುತ್ತಿದ್ದರು.

ಇಂಥ ಜಾಗದಲ್ಲಿ ಕೂತು ಅತ್ತೆ ಬರೆಯುತ್ತಿದ್ದದ್ದು ಏನು ಅಂದುಕೊಂಡಿರಿ? ಜಗತ್ತಿನ ಸ್ಥಳನಾಮಕೋಶ! ಭೂಮಿಯ ಮೇಲಿನ ಊರು, ನದಿ, ಬೆಟ್ಟಗಳ ಹೆಸರೆಲ್ಲ ಕನ್ನಡದಲ್ಲಿ, ಅಕಾರಾದಿಯಾಗಿ, ಎಲ್ಲಿದೆ ಏನಿದೆ ಎಂಬ ಎರಡು ಸಾಲಿನೊಂದಿಗೆ. ಒಂದು ಜಾಗಕ್ಕೆ ಒಂದು ಚೀಟಿ, ಚೀಟಿಗಳು ಬಿಸ್ಕತ್ತಿನ ಡಬ್ಬಗಳಲ್ಲಿ. ಚೀಟಿಗೆ ಕಾಗದ? ಲಗ್ನಪತ್ರಿಕೆಗಳ ಖಾಲಿ ಬೆನ್ನು! ಅತ್ತೆ ಮದುವೆಗಳಿಗೆ ಹೋಗುತ್ತಿದ್ದದ್ದು ಊಟಕ್ಕಲ್ಲ, ಹಂಚಿ ಮಿಕ್ಕ ಪತ್ರಿಕೆಗಳಿಗೆ. ಒಮ್ಮೆ ಅಮ್ಮನ ಚಿಕ್ಕಮ್ಮ ಡಬ್ಬ ಕೆದಕಿ, ತಮ್ಮ ಮಗನ ಲಗ್ನಪತ್ರಿಕೆಯ ಹಿಂದೆ ಏನಿದೆ ಎಂದು ಓದಿಕೊಂಡು ಕೂಗಿಕೊಂಡರು.

"ನನ್ನ ಮಗನ ಮದುವೆ ಹಿಂದೆ ಸಹಾರಾ ಮರುಭೂಮಿ ಬರ್ದಿದ್ದೀಯಲ್ಲೇ! ಒಂದು ಹನಿ ನೀರಿಲ್ಲದ ಜಾಗ! ಹೊಸದಾಗಿ ಮದುವೆ ಆಗಿರೋ ಮಕ್ಕಳು!"

ಅತ್ತೆ ಸಹಾರಾವನ್ನು ಹೊಡೆದುಹಾಕಿ, ಅಲ್ಲೇ ಕೆಳಗೆ ನೈಲ್ ನದಿ ಎಂದು ಬರೆದರು. "ವರ್ಷಪೂರ್ತಿ ಹರಿಯುತ್ತೆ" ಎಂದರು. ಚಿಕ್ಕಮ್ಮ ಸಮಾಧಾನವಾಗಿ ಎಲೆ ಅಡಿಕೆ ಹಾಕಿಕೊಂಡರು.

ಆದರೆ ಮನೆಯಲ್ಲಿ ನಿಜವಾದ ಜಗಳ ಬೇರೆಯದು. ಕೋಶದಲ್ಲಿ ಯಾವುದಿರಬೇಕು, ಯಾವುದು ಬೇಡ? ಎಷ್ಟು ಚಿಕ್ಕ ಜಾಗದವರೆಗೆ ಇಳಿಯಬೇಕು? ಅಪ್ಪ ಸರ್ಕಾರಿ ಕಚೇರಿಯ ಮನುಷ್ಯ, ಅವರಿಗೆ ಎಲ್ಲದಕ್ಕೂ ಒಂದು ನಿಯಮ ಬೇಕು.

"ಪೋಸ್ಟಾಫೀಸ್ ಇದ್ರೆ ಸೇರಿಸು ಅಕ್ಕ, ಇಲ್ದಿದ್ರೆ ಬಿಡು. ಎಲ್ಲೋ ಒಂದು ಕಡೆ ಗೆರೆ ಎಳೀಬೇಕಲ್ಲ!"

"ಹಿಮಾಲಯದ ತುದೀಲಿ ಯಾವ ಪೋಸ್ಟಾಫೀಸ್ ಇದೆಯೋ? ತೆಗೆದುಬಿಡ್ಲಾ?"

ಅಪ್ಪ ಪೇಪರಿನ ಹಿಂದೆ ಮರೆಯಾದರು. ಅತ್ತೆಯ ನಿಯಮವೇ ಬೇರೆ. ಒಬ್ಬರು ಇನ್ನೊಬ್ಬರಿಗೆ ದಾರಿ ಹೇಳುವಾಗ ಬಾಯಿಗೆ ಬರುವ ಹೆಸರು ಯಾವುದಿದ್ದರೂ ಅದಕ್ಕೆ ಚೀಟಿ ಉಂಟು! ಹೀಗಾಗಿ ಸಿದ್ದಾಪುರದ ಕಡೆಯ ಹುಣಸೇಮರ, ಸುದ್ದಗುಂಟೆಪಾಳ್ಯದ ಹಾದಿಯ ಒಡಕುಬಾವಿ, ಹೊಲಗಳು, ಹೊಲದ ಬದುಗಳು ಎಲ್ಲವೂ ಪ್ಯಾರಿಸ್, ಪೀಕಿಂಗ್ ಜೊತೆ ಸರಿಸಮನಾಗಿ ಕೂತವು.

ಇದು ಬಸ್ ಕಂಡಕ್ಟರನಿಗೂ ಗೊತ್ತಾಯಿತು. ತಮಾಷೆಗೆಂದು ಒಂದು ದಿನ, "ಟೀಚರಮ್ಮ, ಈ ತಿರುವಿಗೆ ಬಸಪ್ಪ ಬಿದ್ದ ತಿರುವು ಅಂತಾರೆ, ಬರ್ಕೊಳ್ಳಿ" ಎಂದ. ಬಸಪ್ಪನೂ ಇಲ್ಲ, ಯಾರೂ ಬಿದ್ದೂ ಇಲ್ಲ! ಅತ್ತೆಯೇನು ಸುಮ್ಮನೆ ಬರೆದುಕೊಳ್ಳುವವರೇ? ಖಚಿತ ಮಾಡಿಕೊಳ್ಳಲು ಕಂಡಕಂಡವರನ್ನೆಲ್ಲ "ಇದು ಬಸಪ್ಪ ಬಿದ್ದ ತಿರುವೇನಪ್ಪಾ?" ಎಂದು ಕೇಳುತ್ತಾ ಹೋದರು. ಕೆಲವೇ ದಿನಗಳಲ್ಲಿ ತರಕಾರಿಯವನು, ಜಟಕಾದವನು, ಕೊನೆಗೆ ನಮ್ಮಪ್ಪ, ಎಲ್ಲರ ಬಾಯಲ್ಲೂ ಅದೇ ಹೆಸರು. ಕಂಡಕ್ಟರ್ ಹೆದರಿ ಬಂದು ತಪ್ಪೊಪ್ಪಿಕೊಂಡ. ಅತ್ತೆ ಒಪ್ಪಲೇ ಇಲ್ಲ. "ಜನ ದಾರಿ ಹೇಳ್ತಿದ್ದಾರಲ್ಲಪ್ಪಾ, ಇನ್ನು ನೀನು ಇಲ್ಲ ಅಂದ್ರೆ ಆಗುತ್ತಾ?" ಎಂದರು.

ಆ ಹೊತ್ತಿಗೆ ಅತ್ತೆ ನಿವೃತ್ತರಾಗುವ ಕಾಲ ಬಂತು. ಅಷ್ಟರೊಳಗೆ ಪುಸ್ತಕ ಅಚ್ಚಾಗಬೇಕು, ತಮ್ಮ ಸ್ಕೂಲಿನ ಬೀರುವಿನಲ್ಲಿ ಅದನ್ನು ತಾವೇ ಇಟ್ಟು ಬರಬೇಕು. ಜೀವಮಾನದಲ್ಲಿ ತಮಗಾಗಿ ಅವರು ಬಯಸಿದ್ದು ಅದೊಂದೇ. ಸೀರೆ ಬೇಕೆಂದೂ ಕೇಳಿದವರಲ್ಲ.

ಬಹಳ ಅಲೆದ ಮೇಲೆ ಚಿಕ್ಕಪೇಟೆಯ ಪ್ರೆಸ್ಸಿನವರೊಬ್ಬರು ಒಪ್ಪಿದರು. ಮನೆಗೇ ಬಂದು ಡಬ್ಬಗಳ ಸಾಲು ನೋಡಿ ಬೆವರೊರೆಸಿಕೊಂಡರು.

"ಪ್ರಪಂಚ ಎಲ್ಲ ಸರಿಯಾಗಿದೆ ಮೇಡಂ. ನಿಮ್ಮ ಜಯನಗರ ಸ್ವಲ್ಪ ಜಾಸ್ತಿ ಆಯ್ತು. ಈ ಹೊಲ, ಬಾವಿ, ತಿರುವು ಎಲ್ಲ ತೆಗೆದುಬಿಡಿ. ನಾಳೆ ಲೇಔಟ್ ಆದ್ರೆ ಅವು ಇರೋದೂ ಇಲ್ಲ. ದೊಡ್ಡ ಊರು ಮಾತ್ರ ಇದ್ರೆ ಖಂಡಿತ ಅಚ್ಚು ಮಾಡ್ತೀನಿ."

ಅತ್ತೆ ಜಗಳ ಆಡುತ್ತಾರೆಂದು ನಾನೂ ಅಪ್ಪನೂ ಕಾದೆವು. ಆಡಲಿಲ್ಲ. ಭಾನುವಾರ ಬೆಳಗ್ಗೆ ಹಜಾರದಲ್ಲಿ ಕೂತು ಡಬ್ಬ ಬಿಚ್ಚಿದರು. ಒಂದೊಂದೇ ಚೀಟಿ ಓದುವುದು, ಸೆರಗಿಗೆ ಹಾಕಿಕೊಳ್ಳುವುದು. ಸೆರಗು ತುಂಬಿದಾಗ ಎದ್ದು ಹೋಗಿ ಬಚ್ಚಲೊಲೆಗೆ ಸುರಿದು ಬಂದರು. ಅಂದು ನಮಗೆಲ್ಲ ಸ್ನಾನಕ್ಕೆ ಕುದಿಯುವ ನೀರು! ಅಪ್ಪ ಮಾತ್ರ ಸ್ನಾನವೇ ಬೇಡವೆಂದು ಕೂತುಬಿಟ್ಟರು. ಇಷ್ಟು ವರ್ಷ ಜಗಳವಾಡಿ ಗೆದ್ದ ಮನುಷ್ಯನ ಮುಖ ಹಾಗಿರುವುದಿಲ್ಲ. ಉಳಿದ ಚೀಟಿಗಳಿಂದ ನಕಲು ಮಾಡಿದ ದೊಡ್ಡ ಊರುಗಳ ಹಸ್ತಪ್ರತಿ ಪ್ರೆಸ್ಸಿಗೆ ಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಗ್ಗೆ ಹಾಲಿನ ಪಿಳ್ಳಮ್ಮ ಬಂದಳು. ದಿನವೂ ಹಸು ಹೊಡೆದುಕೊಂಡು ಬಂದು ನಮ್ಮ ಬಾಗಿಲಲ್ಲೇ ಹಾಲು ಕರೆದುಕೊಡುವವಳು. ಆ ವಾರ ಅವಳ ಮನೆಯವರ ಹೊಲಕ್ಕೂ ಸೈಟಿನ ಕಲ್ಲು ನೆಟ್ಟಿದ್ದರು. ಪಾತ್ರೆ ಕೊಟ್ಟವಳು ಹೋಗದೆ ಬಾಗಿಲಲ್ಲಿ ನಿಂತಳು.

"ಟೀಚರಮ್ಮ, ನಮ್ಮೊಲದ ಎಸ್ರೂ ಬರ್ಕಂಡಿದ್ರಲ್ಲ. ಬುಕ್ಕು ಆಯ್ತದಂತೆ. ಒಂದ್ಸಲ ಓದಿ ಯೋಳ್ತೀರಾ?"

ಆ ಚೀಟಿ ಬೂದಿಯಾಗಿತ್ತು. ಅತ್ತೆ ಒಳಗೆ ಹೋದರು, ಕೈಗೆ ಸಿಕ್ಕ ಚೀಟಿಯೊಂದನ್ನು ತಂದರು. ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು, ಅದು ಪೆರು ದೇಶ. ಕನ್ನಡಕ ಸರಿಮಾಡಿಕೊಂಡು ಅತ್ತೆ ಓದಿದರು.

"ಕೆಂಪವ್ವನ ಹೊಲ. ಸುದ್ದಗುಂಟೆಪಾಳ್ಯದ ದಾರಿಯಲ್ಲಿ ಬಲಗಡೆಗೆ. ಪಿಳ್ಳಮ್ಮನ ಅತ್ತೆ ಕೆಂಪವ್ವ ಕಲ್ಲು ಆರಿಸಿ ಹದ ಮಾಡಿದ್ದು. ರಾಗಿ, ಅವರೆ ಚೆನ್ನಾಗಿ ಬರುತ್ತದೆ."

"ಇನ್ನೊಂದ್ಸಲ ಓದಿ" ಎಂದಳು ಪಿಳ್ಳಮ್ಮ. ಅತ್ತೆ ಪೆರು ದೇಶ ನೋಡಿಕೊಂಡು ಒಂದಕ್ಷರ ಬದಲಾಗದಂತೆ ಇನ್ನೊಮ್ಮೆ ಓದಿದರು. "ನಮ್ಮತ್ತೆ ಮಾ ಗಟ್ಟಿಗಿತ್ತಿ ಕಣಮ್ಮ. ಬುಕ್ನಾಗಾದ್ರೂ ಇರ್ಲಿ" ಎಂದು ಕಣ್ಣೊರೆಸಿಕೊಂಡು ಅವಳು ಹಸುವಿನ ಹಗ್ಗ ಹಿಡಿದಳು.

ಅತ್ತೆ ಅಂದು ಸ್ಕೂಲಿಗೆ ಹೋಗಲಿಲ್ಲ. ನನ್ನನ್ನು ಕರೆದುಕೊಂಡು ನೇರ ಚಿಕ್ಕಪೇಟೆಗೆ ಹೋಗಿ, ಪಿಳ್ಳಮ್ಮನ ಹೊಲದ ವಿಷಯ ಹೇಳಿ, ಹಸ್ತಪ್ರತಿ ವಾಪಸು ಕೇಳಿದರು.

"ಒಂದು ಹೊಲಕ್ಕೋಸ್ಕರ ಇಡೀ ಪ್ರಪಂಚ ವಾಪಸ್ಸಾ ಮೇಡಂ?" ಪ್ರೆಸ್ಸಿನವರಿಗೆ ನಗು ತಡೆಯಲಾಗಲಿಲ್ಲ.

"ಹೌದಪ್ಪಾ" ಎಂದರು ಅತ್ತೆ.

ಸುಟ್ಟುಹೋದ ಚೀಟಿಗಳನ್ನೆಲ್ಲ ನೆನಪಿನಿಂದ ಮತ್ತೆ ಬರೆದರು. ಹೊಲಗಳ ಮೇಲೆ ಮನೆಗಳೆದ್ದವು, ಮೇನು ಕ್ರಾಸುಗಳಾದವು, ಅತ್ತೆ ನಿವೃತ್ತರಾದರು. ಪುಸ್ತಕ ಮಾತ್ರ ಅಚ್ಚಾಗಲಿಲ್ಲ. ಅಷ್ಟು ದೊಡ್ಡ ಪ್ರಪಂಚವನ್ನು ಯಾವ ಪ್ರೆಸ್ಸಿನವರು ತಾನೇ ಒಪ್ಪಿಯಾರು!

ಎಷ್ಟೋ ಕಾಲದ ಮೇಲೆ, ಅವರು ಹಾಸಿಗೆ ಹಿಡಿದಿದ್ದಾಗ, ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಅತ್ತೆ, ಪಿಳ್ಳಮ್ಮಂಗೆ ಓದೋಕೆ ಬರ್ತಿರ್ಲಿಲ್ಲ. ಬುಕ್ಕಲ್ಲಿ ಅವಳ ಹೊಲ ಇಲ್ಲ ಅಂತ ಅವಳಿಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ಅಚ್ಚು ಹಾಕಿಸಿಬಿಡಬಹುದಿತ್ತಲ್ಲ?"

ಅತ್ತೆ ನನ್ನ ಕೈ ಹಿಡಿದುಕೊಂಡರು.

"ಗೊತ್ತಾಗ್ತಿರ್ಲಿಲ್ಲ ಕಣೇ. ಅದಕ್ಕೇ ನನ್ನ ಕೈಲಾಗ್ಲಿಲ್ಲ."