ಎಣ್ಣೆ ಕುಡಿದ ವೈರುಗಳು

ಕೆಟ್ಟ ಗಾಡಿಗೆ ಇನ್ನಷ್ಟು ಎಣ್ಣೆ ಹೊಯ್ದರೆ ಸರಿಹೋಗುತ್ತದೆ ಎಂದು ನಂಬುವವರು ಇರುವ ತನಕ, ನನ್ನಂಥವನಿಗೆ ನಗುವುದಕ್ಕೂ ಹಲ್ಲು ಕಡಿಯುವುದಕ್ಕೂ ಕಾರಣ ಕಮ್ಮಿಯಾಗುವುದಿಲ್ಲ. ಐವತ್ತರ ದಶಕದಲ್ಲಿ ನಾನು ಮುಂಬಯಿಯ ಪರೇಲಿನಲ್ಲಿ, ಒಂದು ಗಿರಣಿಯ ಗೋಡೆಗೆ ಆತುಕೊಂಡಿದ್ದ ತಗಡಿನ ಶೆಡ್ಡಿನಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದೆ. ಊರು ಧಾರವಾಡದ ಕಡೆ. ಆಗಿನ ವೈರು ಎಂದರೆ ತಾಮ್ರದ ಎಳೆ, ಅದರ ಮೇಲೆ ರಬ್ಬರು, ಅದರ ಮೇಲೆ ನೂಲಿನ ಹೆಣಿಗೆ. ಎಂಜಿನ್ ಎಣ್ಣೆ ತಗಲಿದರೆ ರಬ್ಬರು ಊದಿಕೊಂಡು ಹಲ್ವಾದ ಹಾಗೆ ಮೆತ್ತಗಾಗುತ್ತಿತ್ತು. ಬೆರಳಿಟ್ಟರೆ ಬೆರಳಿನ ಜೊತೆಗೇ ಬರುತ್ತಿತ್ತು. ಇದನ್ನು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು. ಮನೆಗೆ ಹೋಗಿ ಮತ್ತೆ ಹೊಯ್ಯುತ್ತಿದ್ದರು.

ಸದ್ದಡಗಿದ ಡೈನಮೋ

ಮಲಾಡಿನಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಯಜಮಾನರೊಬ್ಬರು ಒಂದು ಹಳೆಯ ಕಾರು ಕೊಂಡಿದ್ದರು. ಒಂದು ದಿನ ಅದನ್ನು ಹಾಲಿನ ಲಾರಿಯ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ನನ್ನ ಶೆಡ್ಡಿಗೆ ಬಂದರು. ಇಳಿದವರ ಮುಖದಲ್ಲಿ ಏನೋ ಸಾಧಿಸಿದ ಕಳೆ.

"ಬ್ಯಾಟರಿ ಸತ್ತಿದೆ ಮಾರಾಯ್ರೆ. ಆದರೆ ಒಂದು ರಿಪೇರಿ ನಾನೇ ಮಾಡಿದೆ. ಡೈನಮೋದಲ್ಲಿ ಕೀಂಯ್ ಕೀಂಯ್ ಅಂತ ಒಂದು ಸದ್ದು ಇತ್ತು. ಈಗ ಇಲ್ಲ."

ಡೈನಮೋ ಎಂದರೆ ಎಂಜಿನ್ ತಿರುಗುವಾಗ ಬ್ಯಾಟರಿಗೆ ಕರೆಂಟು ತುಂಬುವ ಯಂತ್ರ. ಅದರ ಹಿಂದಿನ ಮುಚ್ಚಳ ಬಿಚ್ಚಿದೆ. ಗಳಗಳನೆ ಎಣ್ಣೆ ಸುರಿದು ನನ್ನ ಪ್ಯಾಂಟು ತೋಯ್ದು ಹೋಯಿತು. ಒಳಗೆ ಕಾರ್ಬನ್ ಪುಡಿಯೂ ಎಣ್ಣೆಯೂ ಕಲಸಿ ಕಪ್ಪು ಗಂಜಿಯಾಗಿತ್ತು. ಆ ಗಂಜಿಯೊಳಗೆ ಕರೆಂಟು ಹುಟ್ಟುವುದು ಎಲ್ಲಿಂದ?

"ಎಷ್ಟು ಹಾಕಿದಿರಿ?" ಎಂದೆ.

"ಸದ್ದು ನಿಲ್ಲುವಷ್ಟು."

ನನಗೆ ಸಿಟ್ಟು ನೆತ್ತಿಗೇರಿತು. "ಇದರೊಳಗೆ ನಿಮ್ಮ ಹೋಟೆಲಿನ ಬೋಂಡಾ ಕರಿಯಬಹುದು," ಎಂದೆ.

ಅವರು ಬಗ್ಗಿ ನೋಡಿ, ಗಂಭೀರವಾಗಿ, "ಛೆ ಛೆ, ಇಷ್ಟು ಕಪ್ಪು ಎಣ್ಣೆಯಲ್ಲಿ ನಾವು ಕರಿಯುವುದಿಲ್ಲ," ಎಂದರು. ನಾನು ಅವರ ಹೋಟೆಲಿನಲ್ಲಿ ಬೋಂಡಾ ತಿಂದವನು. ಅಲ್ಲಿಯ ಎಣ್ಣೆಯ ಬಣ್ಣ ಬಲ್ಲೆ.

ಇಡೀ ಡೈನಮೋ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಉಜ್ಜಿ ಮತ್ತೆ ಕೂಡಿಸಿದೆ. ಗಾಡಿ ಚಾಲೂ ಆಯಿತು, ಕರೆಂಟು ಬಂತು, ಅದರ ಹಿಂದೆಯೇ ಕೀಂಯ್ ಕೀಂಯ್ ಕೂಡ ಬಂತು. ಯಜಮಾನರ ಮುಖ ಬಾಡಿತು.

"ಸದ್ದು ಪುನಃ ಬಂತಲ್ಲ!"

"ಬೇರಿಂಗ್ ಸವೆದಿದೆ. ಎರಡು ದಿನ ಗಾಡಿ ಬಿಡಿ, ಹೊಸದು ಹಾಕುತ್ತೇನೆ."

"ಎರಡು ದಿನ ಆಗ್ಲಿಕ್ಕಿಲ್ಲ. ನಂಗೆ ಮಾರ್ಕೆಟಿನಿಂದ ತರಕಾರಿ ತರ್ಲಿಕ್ಕುಂಟು."

ಹದಿನೈದು ದಿನ ಕಳೆದು ಅವರು ಮತ್ತೆ ಬಂದರು. ಮುಖ ಮೊದಲಿನಂತೆ ಅರಳಿತ್ತು. "ಈಗ ಸದ್ದು ಎಂತದೂ ಇಲ್ಲ!" ಎಂದರು.

ನಾನು ರಸ್ತೆಯತ್ತ ಇಣುಕಿದೆ. "ಗಾಡಿ ಎಲ್ಲಿ?"

"ಅದು ಬರ್ಲಿಲ್ಲ. ನಾನು ಲೋಕಲ್ ರೈಲಿನಲ್ಲಿ ಬಂದೆ."

ರಕ್ತದ ಮಾತು

ನನ್ನ ಪಕ್ಕದ ಶೆಡ್ಡಿನಲ್ಲಿ ಒಬ್ಬ ಎಂಜಿನ್ ಮಿಸ್ತ್ರಿ ಇದ್ದ. ಎಂಜಿನ್ನಿಗೆ ಎಣ್ಣೆ ಎಷ್ಟು ಬೇಕು ಎಂದು ನೋಡಲು ಒಂದು ಕಡ್ಡಿ ಇರುತ್ತದೆ, ಕಡ್ಡಿಯ ಮೇಲೆ ಒಂದು ಗೆರೆ ಇರುತ್ತದೆ. ಈತ ಆ ಗೆರೆಯನ್ನು ಜಿಪುಣರಿಗಾಗಿ ಹಾಕಿದ್ದು ಎಂದು ತಿಳಿದಿದ್ದ. "ಆಯಿಲ್ ತೋ ಗಾಡಿ ಕಾ ಖೂನ್ ಹೈ," ಎಣ್ಣೆಯೇ ಗಾಡಿಯ ರಕ್ತ, ಎಂದು ಎದೆ ತಟ್ಟಿಕೊಂಡು ಹೇಳುತ್ತ, ಗೆರೆ ದಾಟಿಸಿ ಮೇಲೊಂದಿಷ್ಟು ಹೊಯ್ಯುತ್ತಿದ್ದ.

ಪರೇಲಿನ ಡಾಕ್ಟರೊಬ್ಬರು ಅವನ ಗಿರಾಕಿ. ಅವರ ಕಾರು ರಸ್ತೆಯಲ್ಲಿ ಕೆಮ್ಮುತ್ತ, ಕುಂಟುತ್ತ ಹೋಗುತ್ತಿತ್ತು. ಮಿಸ್ತ್ರಿ ವೈರಿಂಗ್ ದೋಷ ಎಂದು ನನ್ನ ಕಡೆ ಕಳಿಸಿದ. ನಾನು ಎಂಜಿನ್ನಿನ ಕಿಡಿಗಳನ್ನು ಹಂಚಿಕೊಡುವ ಡಿಸ್ಟ್ರಿಬ್ಯೂಟರಿನ ಟೊಪ್ಪಿಗೆ ತೆಗೆದರೆ ಒಳಗೆಲ್ಲ ಎಣ್ಣೆ. ಹೆಚ್ಚಾದ ಎಣ್ಣೆ ಕೆಳಗೆ ಜಾಗ ಸಾಲದೆ ಮೇಲಕ್ಕೆ ಹತ್ತಿ ಬಂದಿತ್ತು. ಒರೆಸಿ, ಎಣ್ಣೆ ಇಳಿಸಿಕೊಳ್ಳಿ ಎಂದು ಅವನ ಕಡೆ ಕಳಿಸಿದೆ. ಅವನು ಕಡ್ಡಿ ನೋಡಿ ಇನ್ನೂ ಒಂದಿಷ್ಟು ಹೊಯ್ದು ನನ್ನ ಕಡೆ ಕಳಿಸಿದ. ಹೀಗೆ ಮೂರು ಸಲ. ಎರಡು ಶೆಡ್ಡಿನ ನಡುವೆ ಇದ್ದದ್ದು ಹತ್ತು ಹೆಜ್ಜೆ. ಆ ಡಾಕ್ಟರು ಅಷ್ಟರಲ್ಲೇ ಒಂದು ಬೆಳಗು ಕಳೆದರು.

ಕೊನೆಗೆ ಮೂವರೂ ಕಾರಿನ ಸುತ್ತ ನಿಂತೆವು. ಮಿಸ್ತ್ರಿ ನನ್ನನ್ನು ಬಿಟ್ಟು ಡಾಕ್ಟರಿಗೇ ಸವಾಲು ಹಾಕಿದ. "ನೀವೇ ಹೇಳಿ ಸಾಹೇಬರೇ, ರೋಗಿ ನಿಶ್ಶಕ್ತನಾದರೆ ನೀವು ರಕ್ತ ಕೊಡುವುದಿಲ್ಲವೇ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಕೊಡ್ತೀವಿ. ಆದರೆ ಕಿವಿ ಮೂಗಿನಿಂದ ಹೊರಗೆ ಬರೋ ತನಕ ಕೊಡೋದಿಲ್ಲ."

ಎಡಕ್ಕೆ ಚಾಚಿದ ಕೈ

ಆಗಿನ ಎಷ್ಟೋ ಕಾರುಗಳಿಗೆ ತಿರುಗುವಾಗ ಮಿಣುಕುವ ದೀಪ ಇರಲಿಲ್ಲ. ಬಾಗಿಲ ಪಕ್ಕದ ಸಂದಿನಿಂದ ಗೇಣುದ್ದದ ಒಂದು ತಗಡಿನ ಕೈ ಟಕ್ಕನೆ ಹೊರಗೆ ಬರುತ್ತಿತ್ತು. ಎಡಕ್ಕೆ ಹೋಗುವುದಾದರೆ ಎಡಗೈ, ಬಲಕ್ಕಾದರೆ ಬಲಗೈ. ಅದರೊಳಗೆ ಒಂದು ಪುಟ್ಟ ಬಲ್ಬು. ಸ್ವಿಚ್ಚು ಬಿಟ್ಟರೆ ಕೈ ಒಳಗೆ ಹೋಗಬೇಕು.

ಗೋರೆಗಾಂವ್‌ನಲ್ಲಿ ನಮ್ಮ ಕಡೆಯ ಒಬ್ಬ ನಿವೃತ್ತ ಹೆಡ್‌ಕ್ಲಾರ್ಕ್ ಇದ್ದರು. ಜೀವಮಾನವಿಡೀ ಕಾಯ್ದೆ ಓದಿ, ಕಾಯ್ದೆ ಬರೆದು, ಅದರಾಚೆ ಏನೂ ಯೋಚಿಸದೆ ಪೆನ್ಷನ್ ತೆಗೆದುಕೊಂಡವರು. ಕಾರಿನ ಕೈ ತುಸು ಬಿಗಿಯಾಯಿತೆಂದು ಅದರ ಸಂದಿಗೆ ದಿನಾ ಎಂಜಿನ್ ಎಣ್ಣೆ ಬಿಟ್ಟಿದ್ದರು. ಎಣ್ಣೆಗೆ ರಸ್ತೆಯ ದೂಳು ಸೇರಿ ಮೇಣವಾಗಿತ್ತು. ಅದನ್ನು ನೋಡಿ ಹೋಗಬೇಕೆಂದು ಹೇಳಿಕಳಿಸಿದರು. ಒಂದು ಭಾನುವಾರ ಮಧ್ಯಾಹ್ನ ಲೋಕಲ್ ಹಿಡಿದು ಹೋದೆ. ಕರೆದೊಯ್ಯಲು ಅವರೇ ಕಾರು ತಗೊಂಡು ಸ್ಟೇಷನ್ನಿಗೆ ಬಂದಿದ್ದರು.

ಮೊದಲ ತಿರುವಿನಲ್ಲಿ ಎಡಕ್ಕೆ ಹೋದೆವು. ಮುಂದಿನ ತಿರುವಿನಲ್ಲಿ ಎಡಕ್ಕೆ. ಆಮೇಲೆ ಎಡಕ್ಕೆ, ಮತ್ತೆ ಎಡಕ್ಕೆ. ಒಂದು ಹಿಟ್ಟಿನ ಗಿರಣಿ ದಾಟಿದೆವು, ಅದರ ಮುಂದೆ ಚೀಲದ ಮೇಲೆ ಒಬ್ಬ ಮುದುಕ ಕೂತಿದ್ದ. ಸ್ವಲ್ಪ ಹೊತ್ತಿಗೆ ಇನ್ನೊಂದು ಹಿಟ್ಟಿನ ಗಿರಣಿ ಬಂತು. ಮೂರನೆಯ ಗಿರಣಿಯ ಮುಂದೆಯೂ ಅದೇ ಮುದುಕ ಅದೇ ಚೀಲದ ಮೇಲೆ ಕೂತಿದ್ದಾಗ ನನಗೆ ಅನುಮಾನ ಬಂತು.

"ಸಾಹೇಬ್ರ, ನಿಮ್ಮ ಮನಿ ಎಲ್ಲದ?"

"ಅಲ್ಲೇ ನೆಟ್ಟಗ ಹೋದ್ರ ಬರ್ತದ."

"ಮತ್ತ ನೆಟ್ಟಗ ಹೋಗ್ರಲ್ಲ!"

ಅವರು ನನ್ನನ್ನು ಕಾಯ್ದೆ ತಿಳಿಯದ ಕೂಸಿನಂತೆ ನೋಡಿದರು. "ಎಡಗೈ ಹೊರಗ ಅದ. ಒಳಗ ಹೋಗವಲ್ದು. ಎಡಕ್ಕ ಅಂತ ತೋರಿಸಿ ನೆಟ್ಟಗ ಹೋದ್ರ ಹಿಂದ ಬರೋರಿಗೆ ಮೋಸ ಮಾಡಿದಂಗ ಆಗ್ತದ. ನನ್ನ ಸರ್ವಿಸಿನೊಳಗ ನಾ ಯಾರಿಗೂ ಮೋಸ ಮಾಡಿದವ ಅಲ್ಲ."

ನಾನು ಕಿಟಕಿಯಿಂದ ತೋಳು ಚಾಚಿ ಆ ಕೈಯನ್ನು ಒಳಕ್ಕೆ ಗುದ್ದಿದೆ. ಹೋಯಿತು. ಅವರು ಸಮಾಧಾನದ ಉಸಿರು ಬಿಟ್ಟು ಗಾಡಿ ನೆಟ್ಟಗೆ ಬಿಟ್ಟರು.

ಇವರು ಇಷ್ಟು ಕಾಳಜಿ ತೋರಿಸುತ್ತಿದ್ದ ಹಿಂದಿನವರು ಯಾರು ಎಂದು ತಿರುಗಿ ನೋಡಿದೆ. ಇದ್ದದ್ದು ಒಂದೇ ಒಂದು ಎಮ್ಮೆ. ಅದು ನಮ್ಮ ಯಾವ ಕೈಯನ್ನೂ ಲೆಕ್ಕಿಸದೆ ತನ್ನ ತಬೇಲದ ದಾರಿ ಹಿಡಿದಿತ್ತು. ಆ ರಸ್ತೆಯಲ್ಲಿ ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದದ್ದು ಅದೊಂದಕ್ಕೇ.

ಹಾರ್ನ್ ತೆಗೀರಿ

ನಾನು ವಾಸವಾಗಿದ್ದ ಚಾಳಿನಲ್ಲಿ ನನ್ನ ಪಕ್ಕದ ಖೋಲಿಯಲ್ಲಿದ್ದ ಬೆಳಗಾವಿ ಕಡೆಯ ಗೃಹಸ್ಥರೊಬ್ಬರ ಮಗನಿಗೆ ಮದುವೆ. ಹೆಣ್ಣಿನವರು ಮಾಟುಂಗದಲ್ಲಿ ಹಾಲ್ ಹಿಡಿದಿದ್ದರು. ಗಂಡಿನ ಸೋದರಮಾವನ ಬಳಿ ಕಾರಿತ್ತು. ಮದುಮಗನನ್ನು ಅದರಲ್ಲೇ ಕರೆತರುವುದೆಂದು ಠರಾವಾಗಿತ್ತು.

ಈ ಸೋದರಮಾವ ಕಾರಿನ ವಿಷಯದಲ್ಲಿ ಯಾರ ಮಾತನ್ನೂ ಕೇಳುವವರಲ್ಲ. "ನನ್ನ ಗಾಡಿಗೆ ಇವತ್ತಿನ ತನಕ ಒಬ್ಬ ಮಿಸ್ತ್ರಿ ಕೈ ಹಚ್ಚಿಲ್ಲ," ಎಂದು ನನ್ನ ಮುಖ ನೋಡಿಯೇ ಹೇಳುತ್ತಿದ್ದರು. ಪ್ರತಿ ಭಾನುವಾರ ಡಬ್ಬಿಯನ್ನೇ ಬಗ್ಗಿಸಿ ಎಂಜಿನ್ನಿಗೆ ಎಣ್ಣೆ ಹೊಯ್ಯುತ್ತಿದ್ದರು. ಅರ್ಧ ಒಳಗೆ, ಅರ್ಧ ವೈರುಗಳ ಮೇಲೆ. ಒಮ್ಮೆ ನಾನು ತಡೆಯಲಾರದೆ, "ವೈರು ಹಾಳಾಗ್ತಾವ್ರೀ," ಎಂದಿದ್ದೆ. "ಎಣ್ಣಿ ಹಚ್ಚಿದ್ರ ಮೈಗೆ ಛಲೋ, ವೈರಿಗೇನು ಕೆಡಕು?" ಎಂದು ಚಾಳಿನ ಮಂದಿಯೆದುರು ನನ್ನ ಬಾಯಿ ಮುಚ್ಚಿಸಿದ್ದರು.

ಮದುವೆಯ ಬೆಳಿಗ್ಗೆ ಕಾರಿನ ಬಾನೆಟ್ಟಿನ ಮೇಲೆ ಸೇವಂತಿಗೆಯ ಜಾಲವನ್ನೇ ಹೆಣೆದು ಬಿಗಿದಿದ್ದರು. ಮದುವೆ ಹಾಲ್‌ನ ಬಾಗಿಲಿಗೆ ಗಾಡಿ ಬಂದು ನಿಂತಿತು. ಬಂದೆವೆಂದು ತಿಳಿಸಲು ಸೋದರಮಾವ ಒಮ್ಮೆ ಹಾರ್ನ್ ಒತ್ತಿದರು. ಕೈ ತೆಗೆದರು. ಹಾರ್ನ್ ನಿಲ್ಲಲಿಲ್ಲ.

ಕೀಲಿ ತಿರುವಿದರು, ಎಂಜಿನ್ ನಿಂತಿತು, ಹಾರ್ನ್ ನಿಲ್ಲಲಿಲ್ಲ. ವೈರಿನ ಊದಿ ಮೆತ್ತಗಾದ ರಬ್ಬರು ಹರಿದು ಒಳಗಿನ ತಾಮ್ರ ಕಬ್ಬಿಣಕ್ಕೆ ಅಂಟಿಕೊಂಡಿದೆ ಎಂದು ನನಗೆ ಗೊತ್ತಾಯಿತು. ವಾದ್ಯದವರು ಎರಡು ನಿಮಿಷ ಅದರ ಜೊತೆ ಸೆಣಸಿ, ಸೋತು, ಬೀಡಿ ಹಚ್ಚಿದರು. ನಾನು ಬಾನೆಟ್ಟಿನ ಕಡೆ ಹೋದರೆ ಸೋದರಮಾವ ಅಡ್ಡ ನಿಂತರು. ಹೂವಿನ ಜಾಲ ಹರಿಯಬಾರದಂತೆ. ಅವರ ತುಟಿಯ ಚಲನೆಯಿಂದ ನಾನು ತಿಳಿದದ್ದು ಅಷ್ಟು.

ಅಷ್ಟರಲ್ಲಿ ಹೆಣ್ಣಿನ ತಂದೆ ಆರತಿಯವರನ್ನು ಹಿಂದೆ ಬಿಟ್ಟು ಓಡಿ ಬಂದರು. ಒಳಗೆ ಪುರೋಹಿತರ ಒಂದು ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹೆಣ್ಣಿನ ತಂದೆ ಮದುಮಗನ ಕಡೆ ಕೈ ಬೀಸಿ ಕಿರುಚಿದರು:

"ಹಾರ್ನ್ ತೆಗೀರಿ! ಮೊದಲ ಆ ಹಾರ್ನ್ ತೆಗೀರಿ!"

ಮದುಮಗ ಪಾಪದವನು. ಆ ಗದ್ದಲದಲ್ಲಿ ಅವನಿಗೆ ಕೇಳಿಸಿದ್ದು ಹಾರ. ಮಾವನಾಗುವವರ ಮಾತು ಮೀರಬಾರದೆಂದು ಕೊರಳಿನ ಹಾರ ತೆಗೆದು ಅವರ ಕೈಗೇ ಕೊಟ್ಟುಬಿಟ್ಟ.

ಅದನ್ನು ಕಂಡ ಗಂಡಿನ ತಂದೆ ಕೆಂಪಗಾದರು. "ಬಾಗಿಲೊಳಗ ನಿಲ್ಲಿಸಿ ನನ್ನ ಮಗನ ಹಾರ ತೆಗಸ್ತೀರೇನು? ಈ ಲಗ್ನ ನಮಗ ಬ್ಯಾಡ!" ಎಂದು ಅವರ ಕಿವಿಗೇ ಬಾಯಿಟ್ಟು ಕೂಗಿದರು. "ಕೊಟ್ಟವರು ನೀವು!" ಎಂದು ಇವರು ಹಾರ ಎತ್ತಿ ತೋರಿಸಿದರು. ಹೆಂಗಸರು ಆರತಿ ತಟ್ಟೆ ಹಿಡಿದು ಕಂಗಾಲಾಗಿ ನಿಂತರು. ಹಿರಿಯರೊಬ್ಬರು ಗಂಡಿನ ಕಡೆಯವರನ್ನು ರಸ್ತೆಯತ್ತ ತಿರುಗಿಸತೊಡಗಿದರು. ಮುಹೂರ್ತಕ್ಕೆ ಅರ್ಧ ಗಂಟೆ ಇರಲಿಲ್ಲ. ಆ ಹುಡುಗನನ್ನು ನಾನು ಅವನು ಪಾಟಿ ಹಿಡಿದು ಶಾಲೆಗೆ ಹೋಗುವಾಗಿನಿಂದ ಬಲ್ಲವನು. ಒಂದು ಎಣ್ಣೆ ಡಬ್ಬಿಯ ದೆಸೆಯಿಂದ ಅವನ ಮದುವೆ ಮುರಿಯುವುದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ.

ಸೋದರಮಾವನನ್ನು ಪಕ್ಕಕ್ಕೆ ತಳ್ಳಿ, ಸೇವಂತಿಗೆಯ ಜಾಲ ಹರಿದು, ಬಾನೆಟ್ ಎತ್ತಿದೆ. ಒಳಗೆಲ್ಲ ಎಣ್ಣೆಯ ಕೆಸರು. ಅವರೂ ನನ್ನ ಜೊತೆ ಬಗ್ಗಿ ನೋಡಿದರು. ತಮ್ಮ ವರ್ಷಗಟ್ಟಲೆಯ ಕೈಗೆಲಸ ಕಣ್ಣೆದುರು ಕಂಡಾಗ ಮೊದಲ ಸಲ ಅವರ ಮುಖದ ಬಣ್ಣ ಇಳಿಯಿತು. ನನ್ನ ತೋಳು ಹಿಡಿದು, ಕಿವಿಗೆ ಬಾಯಿಟ್ಟು, ಹಾರ್ನ್ ಮೀರಿ ಕೇಳಿಸಲೆಂದು ಇದ್ದಷ್ಟು ಜೀವ ಸೇರಿಸಿ ಏನೋ ಕೂಗತೊಡಗಿದರು. ನಾನು ಹಾರ್ನಿನ ವೈರನ್ನು ಕಂಡು, ಹಿಡಿದು, ಒಂದೇ ಎಳೆತಕ್ಕೆ ಕಿತ್ತೆ.

ಬೀದಿಗೆ ಬೀದಿಯೇ ಗಪ್ಪಾಯಿತು. ಆ ಮೌನದಲ್ಲಿ ಎರಡೂ ಕಡೆಯ ಬೀಗರಿಗೆ, ಪುರೋಹಿತರಿಗೆ, ವಾದ್ಯದವರಿಗೆ, ಎದುರಿನ ಬಿಲ್ಡಿಂಗಿನ ಮೂರನೆಯ ಮಾಳಿಗೆಯವರಿಗೂ ಸ್ವಚ್ಛವಾಗಿ ಕೇಳಿಸಿದ್ದು ಸೋದರಮಾವನ ಧ್ವನಿ ಒಂದೇ:

"ಎಣ್ಣಿ ಹೊಯ್ದು ಕೆಡಿಸಿದವ ನಾನ ಅಂತ ಯಾರಿಗೂ ಹೇಳಬ್ಯಾಡೋ ಮಾರಾಯಾ!"