ಪುಟ್ಟಿಗೆ ಹೊದಿಸಿದ ಕಥೆ

ಮೈಗೆ ಏನು ಹಾಕಿಕೊಳ್ಳಬೇಕೆಂದು ನನಗೆ ಬುದ್ಧಿ ಕಲಿಸುವವರು ಈ ಮನೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದೇ ತಿಳಿದಿದ್ದೆ. (ಹುಟ್ಟಿ ನಾಲ್ಕು ತಿಂಗಳಾಗಿತ್ತು ಎಂಬುದು ಆಮೇಲೆ ಅರಿವಾಯಿತು.) ನಾನೇನು ಸಾಮಾನ್ಯನೇ? ಹಣ್ಣು ಕೂಡಿಡುವ ಕೋಲ್ಡ್ ಸ್ಟೋರೇಜಿನ ಮೇಲ್ವಿಚಾರಕ. ಕೂಲಿಯವರ ಕೈ ಮುಟ್ಟಿ ನೋಡುವುದು, ತಣ್ಣಗಿದ್ದರೆ ಮೇಲೊಂದು ಅಂಗಿ ಹಾಕಿಸುವುದು, ಇದೇ ನನ್ನ ನಿತ್ಯಕರ್ಮ.

ನನ್ನವಳ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ನನ್ನದು ಬೆಳಗಿನ ಪಾಳಿ, ಮಧ್ಯಾಹ್ನ ಪುಟ್ಟಿಯನ್ನು ನಾನೇ ಮಲಗಿಸುತ್ತೇನೆ ಎಂದು ಎದೆಯುಬ್ಬಿಸಿ ಹೇಳಿದೆ. ಮಲಗಿಸಲಾಗದಿದ್ದರೆ ಅತ್ತೆಯವರು ಬಂದು ಇಲ್ಲೇ ಠಿಕಾಣಿ ಹೂಡುವುದೆಂದು ತೀರ್ಮಾನವಾಗಿತ್ತು. ಆ ಮಹಾಮಾತೆಯ ಮುಂದೆ ನಾನು ಟೀವಿಯ ರಿಮೋಟು ಮುಟ್ಟಲೂ ಹೆದರುವವನು. ಹಾಗಾಗಿ ಪುಟ್ಟಿಯನ್ನು ಒಬ್ಬನೇ ಮಲಗಿಸುವ ಆವತ್ತಿನ ಮೊದಲ ಪರೀಕ್ಷೆ ನನಗೆ ಜೀವನ್ಮರಣದ ಪ್ರಶ್ನೆ.

ನಾನು ಪಾಳಿ ಮುಗಿಸಿ ಮನೆಗೆ ಕಾಲಿಟ್ಟ ಕೂಡಲೇ ನನ್ನವಳು ಆಫೀಸಿಗೆ ಮುಖ ತೋರಿಸಿ ಬರಲು ಹೊರಟಳು. ಸೆಕೆ ಇದೆ, ತೆಳ್ಳನೆಯ ಹತ್ತಿ ಅಂಗಿಯೊಂದೇ ಸಾಕು, ನಿಮ್ಮ ಜಾಣತನ ಎಲ್ಲ ತೋರಿಸಬೇಡಿ ಎಂದು ಬಾಗಿಲಲ್ಲೇ ಹೇಳಿ ಹೋದಳು.

ಪುಟ್ಟಿ ಆಗಲೇ ಕಣ್ಣು ಮುಚ್ಚುತ್ತಿದ್ದಳು. ಮುಟ್ಟಿ ನೋಡಿದೆ. ಅಂಗೈ ತಣ್ಣಗೆ! ನಾನು ಮುಟ್ಟಿದ್ದೇ ತಡ, ಬೆಚ್ಚಿಬಿದ್ದು ಅತ್ತಳು. ಪಾಪ, ಚಳಿ. ಸ್ವೆಟರ್ ಹಾಕಿದೆ. ಸಾಲುತ್ತದೆಯೋ ಇಲ್ಲವೋ ಎಂದು ಒಳಗೆ ಕೈ ತೂರಿಸಿ ಹೊಟ್ಟೆ ಮುಟ್ಟಿದೆ. ಮನೆ ಕಿತ್ತುಹೋಗುವ ಹಾಗೆ ಕಿರುಚಿದಳು. ಕಾಲುಚೀಲ ಬಂತು. ಮತ್ತೆ ಮುಟ್ಟಿದೆ, ಮತ್ತೆ ಅಳು. ಕುಲಾವಿ, ಅದರ ಮೇಲೆ ಟವೆಲ್ಲು, ಅದರ ಮೇಲೆ ಶಾಲು. ನೋಡನೋಡುತ್ತಿದ್ದಂತೆ ಮಗಳು ಕಾಣದಾಗಿ, ಗಂಟಿನ ನಡುವೆ ಮೂಗೊಂದೇ ಉಳಿಯಿತು.

ಆ ಮೂಗು ಕೆಂಪಾಯಿತು. ಕೆನ್ನೆಯೂ ಕೆಂಪಾಯಿತು. ಕುಲಾವಿಯ ಅಂಚಿನಿಂದ ಬೆವರು ಇಳಿಯಿತು. ನನ್ನ ಜೀವ ಬಾಯಿಗೆ ಬಂತು. ಜ್ವರ ನೆತ್ತಿಗೇರಿದೆ ಎಂದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಗಂಟನ್ನು ಎತ್ತಿಕೊಂಡು ಕೆಳಗಿನ ಮನೆಯ ಡಾಕ್ಟರಮ್ಮನ ಬಳಿಗೆ ಓಡಿದೆ.

ಡಾಕ್ಟರಮ್ಮ ಬಿಚ್ಚತೊಡಗಿದರು. ಬಿಚ್ಚಿದಷ್ಟೂ ಬಟ್ಟೆ. ಕೊನೆಗೆ ಮಗು ಸಿಕ್ಕಾಗ ನನ್ನನ್ನು ನೋಡಿದ ನೋಟ ಇದೆಯಲ್ಲ, ಶತ್ರುವಿಗೂ ಬೇಡ.

"ಜ್ವರ ಇಲ್ಲ, ಏನೂ ಇಲ್ಲ. ಮಗು ಬೆಂದುಹೋಗ್ತಿತ್ತು ಅಷ್ಟೆ," ಎಂದರು.

ಎಳೆಗೂಸಿನ ಕೈಕಾಲು ತಣ್ಣಗಿರುವುದು ಸಹಜವಂತೆ. ಕತ್ತಿನ ಹಿಂದೆಯೋ ಎದೆಯ ಮೇಲೋ ಮುಟ್ಟಿ ನೋಡಬೇಕಂತೆ. ಮಲಗಿಸುವಾಗ ತಲೆಗೆ ಕುಲಾವಿ, ಮುಖದ ಹತ್ತಿರ ಶಾಲು ಯಾವುದೂ ಕೂಡದಂತೆ. ಅಷ್ಟರಲ್ಲಿ ಹತ್ತಿ ಅಂಗಿಯೊಂದರಲ್ಲೇ ಉಳಿದ ಪುಟ್ಟಿ ಆಕಳಿಸಿ, ಕೈಕಾಲು ಚೆಲ್ಲಿ, ಅವರ ಮಡಿಲಲ್ಲೇ ನಿದ್ದೆಹೋದಳು. ನನಗೆ ಹೋದ ಉಸಿರು ಬಂತು. ಕಲಿತ ಪಾಠ ಒಪ್ಪಿಸೋಣವೆಂದು ಅವಳ ಕತ್ತಿನ ಹಿಂದೆ ಬೆರಳಿಟ್ಟೆ.

ಮತ್ತದೇ ಕಿರುಚಾಟ. ಡಾಕ್ಟರಮ್ಮ ನನ್ನ ಕೈ ಹಿಡಿದು ಸರಿಸಲು ಹೋದವರು ತಾವೇ ಬೆಚ್ಚಿ ಬಿಟ್ಟುಬಿಟ್ಟರು.

"ಏನ್ರೀ ಇದು, ಕೈಯೋ ಮಂಜುಗಡ್ಡೆಯೋ? ಮಗು ಚಳಿಗೆ ಅತ್ತಿದ್ದಲ್ಲ, ನೀವು ಮುಟ್ಟಿದ್ದಕ್ಕೆ ಅತ್ತಿದ್ದು."

ಅಷ್ಟೂ ಹೊತ್ತು ಕೋಲ್ಡ್ ಸ್ಟೋರೇಜಿನಿಂದ ತಂದ ನನ್ನ ಚಳಿಯನ್ನು ಮಗಳಿಗೆ ಅಂಟಿಸಿ, ಅದಕ್ಕೆ ನಾನೇ ಬಟ್ಟೆ ಹೊದಿಸಿದ್ದೆ. ಹಿಂದೆ ತಿರುಗಿದರೆ ಬಾಗಿಲಲ್ಲಿ ನನ್ನವಳು. ಯಾವಾಗ ಬಂದಳೋ, ಎಲ್ಲ ಕೇಳಿಸಿಕೊಂಡಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಪುಟ್ಟಿಯನ್ನು ಎತ್ತಿಕೊಂಡು ಎದೆಗವಚಿ ಸಮಾಧಾನ ಮಾಡಿದಳು. ಆಮೇಲೆ ಫೋನು ತೆಗೆದಳು.

"ಅಮ್ಮಾ, ನಾಳೆನೇ ಹೊರಟು ಬಾ. ಬರೋವಾಗ ಉಣ್ಣೆ ತಗೊಂಡು ಬಾ, ಕೈಗವಸು ಹೆಣೀಬೇಕು. ಮಗೂಗಲ್ಲಮ್ಮ, ನಿನ್ನ ಅಳಿಯನಿಗೆ."